ಜಗಲಿಯ ದುಡಿಮೆ ಮತ್ತು ಕಾನೂನಿನ ಗಡಿ

ದುಡಿಯುವವರ ಕುಟುಂಬದ ಹಕ್ಕುಗಳನ್ನೂ ಕೆಲಸದಲ್ಲಿನ ಸಮಾನತೆಯನ್ನೂ ಕಾಪಾಡಲೆಂದು ರೂಪುಗೊಂಡ ಕಾನೂನುಗಳೆಲ್ಲ ಒಂದು ಗೃಹೀತದ ಮೇಲೆ ನಿಂತಿವೆ: ಮನೆ ಒಂದು ಕಡೆ, ಕೆಲಸದ ಸ್ಥಳ ಇನ್ನೊಂದು ಕಡೆ, ದುಡಿಯುವ ವ್ಯಕ್ತಿ ಬೆಳಿಗ್ಗೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಿ ಸಂಜೆ ಮರಳುತ್ತಾನೆ ಅಥವಾ ಮರಳುತ್ತಾಳೆ ಎಂಬುದೇ ಆ ಗೃಹೀತ. ಹೆರಿಗೆ ರಜೆಯೆಂದರೆ ಕೆಲಸದ ಸ್ಥಳದಿಂದ ಮನೆಗೆ ಹೋಗಲು ಸಿಗುವ ಅನುಮತಿ. ಶಿಶುಪಾಲನಾ ಕೇಂದ್ರವೆಂದರೆ ಮನೆಯಲ್ಲಿರಬೇಕಾದ ಮಗುವಿಗೆ ಕೆಲಸದ ಸ್ಥಳದಲ್ಲಿ ಸಿಗುವ ಜಾಗ. ಹಾಲೂಡಿಸುವ ಬಿಡುವೆಂದರೆ ಇವೆರಡರ ನಡುವಿನ ಅಂತರವನ್ನು ದಿನಕ್ಕೆರಡು ಬಾರಿ ದಾಟಲು ದೊರೆಯುವ ಸಮಯ. ಆದರೆ ಮನೆ ಮತ್ತು ಕೆಲಸದ ಸ್ಥಳ ಒಂದೇ ಆಗಿರುವ ಕಡೆ ಈ ಹಕ್ಕುಗಳ ಗತಿಯೇನು ಎಂಬ ಪ್ರಶ್ನೆಗೆ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಷ್ಟು ಸ್ಪಷ್ಟವಾಗಿ ಉತ್ತರ ಹುಡುಕಬಹುದಾದ ಸ್ಥಳಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ. ಇಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿದ ಕಾಲದಿಂದ ಸಾವಿರಾರು ಹೆಂಗಸರ ಕೈಗೆ ನಗದು ಹಣ ತಂದುಕೊಟ್ಟ ಕೆಲಸ ಬೀಡಿ ಕಟ್ಟುವುದು, ಮತ್ತು ಆ ಕೆಲಸ ನಡೆಯುವುದು ಕಾರ್ಖಾನೆಯಲ್ಲಲ್ಲ, ಮನೆಯ ಜಗಲಿಯಲ್ಲಿ.

ಈ ಕೆಲಸದ ಏರ್ಪಾಟನ್ನು ತಿಳಿದುಕೊಳ್ಳದೆ ಕಾನೂನಿನ ಮಾತು ಅರ್ಥವಾಗುವುದಿಲ್ಲ. ಬೀಡಿಗೆ ತನ್ನ ಹೆಸರಿನ ಮುದ್ರೆ ಹಾಕಿ ಮಾರುವ ಕಂಪನಿ ಎಲೆ, ಹೊಗೆಸೊಪ್ಪು ಮತ್ತು ನೂಲನ್ನು ಗುತ್ತಿಗೆದಾರನಿಗೆ ಕೊಡುತ್ತದೆ. ಗುತ್ತಿಗೆದಾರ ಊರಿನ ಪೇಟೆಯಲ್ಲೋ ರಸ್ತೆಯ ತಿರುವಿನಲ್ಲೋ ಒಂದು ಕೋಣೆಯನ್ನಿಟ್ಟುಕೊಂಡು ಅವನ್ನು ಹೆಂಗಸರಿಗೆ ತೂಗಿ ಕೊಡುತ್ತಾನೆ. ಊರವರು ಆ ಕೋಣೆಯನ್ನು ಬ್ರಾಂಚ್ ಎನ್ನುತ್ತಾರೆ. ಹೆಂಗಸರು ಸಾಮಗ್ರಿಯನ್ನು ಮನೆಗೆ ತಂದು, ಎಲೆ ನೆನೆಸಿ, ಕತ್ತರಿಸಿ, ತಡ್ಪೆಯನ್ನು, ಎಂದರೆ ಮೊರವನ್ನು, ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟಿ, ಕಟ್ಟುಗಳನ್ನು ಮತ್ತೆ ಬ್ರಾಂಚಿಗೆ ಒಯ್ಯುತ್ತಾರೆ. ಕೂಲಿ ಸಾವಿರ ಬೀಡಿಗೆ ಇಷ್ಟೆಂದು ನಿಗದಿಯಾಗಿರುತ್ತದೆ; ಸರಿಯಿಲ್ಲವೆಂದು ಕಂಡ ಬೀಡಿಯನ್ನು ತಿರಸ್ಕರಿಸಿ ಲೆಕ್ಕದಿಂದ ತೆಗೆಯುವ ಅಧಿಕಾರ ಬ್ರಾಂಚಿನದು. ಯಾರು ಎಷ್ಟು ಕಟ್ಟಿದರೆಂಬುದು ಒಂದು ಕಾರ್ಡಿನಲ್ಲಿ ದಾಖಲಾಗುತ್ತದೆ, ಮತ್ತು ಭವಿಷ್ಯನಿಧಿ, ರಜೆ, ಬೋನಸ್, ಹೆರಿಗೆ ಭತ್ಯೆ ಇವೆಲ್ಲವೂ ಆ ಕಾರ್ಡಿನಲ್ಲಿರುವ ಹೆಸರನ್ನೇ ಹಿಡಿದು ಬರುತ್ತವೆ. ಕಂಪನಿಗೂ ಕಟ್ಟುವವಳಿಗೂ ಮುಖಾಮುಖಿ ಇರುವುದಿಲ್ಲ. ಆಕೆಯ ಪಾಲಿಗೆ ಬ್ರಾಂಚಿನವನೇ ಯಜಮಾನ; ಬ್ರಾಂಚಿನವನನ್ನು ಕೇಳಿದರೆ ತಾನು ಮಧ್ಯದವನೆನ್ನುತ್ತಾನೆ.

ಸ್ವಾತಂತ್ರ್ಯಪೂರ್ವದಲ್ಲಿ ಈ ಪ್ರದೇಶ ಮದರಾಸು ಪ್ರಾಂತ್ಯದ ದಕ್ಷಿಣ ಕೆನರಾ ಜಿಲ್ಲೆಗೆ ಸೇರಿತ್ತು. ಮುಂಬಯಿ ಪ್ರಾಂತ್ಯ 1929ರಲ್ಲಿ ಹೆರಿಗೆ ಸೌಲಭ್ಯಕ್ಕಾಗಿ ಕಾನೂನು ಮಾಡಿದ ಮೇಲೆ ಮದರಾಸು 1934ರಲ್ಲಿ ತನ್ನದೇ ಕಾನೂನನ್ನು ತಂದಿತು. ಅದು ಕಾರ್ಖಾನೆಯ ಹೆಂಗಸರಿಗೆ ಮಾತ್ರ ಅನ್ವಯಿಸುತ್ತಿತ್ತು. 1961ರಲ್ಲಿ ಇಡೀ ದೇಶಕ್ಕೆ ಒಂದೇ ಹೆರಿಗೆ ಸೌಲಭ್ಯ ಕಾಯ್ದೆ ಬಂದಾಗಲೂ ಅದರ ಕಣ್ಣು ನೆಟ್ಟಿದ್ದು ಕಾರ್ಖಾನೆ, ಗಣಿ, ತೋಟಗಳ ಮೇಲೆಯೇ. ಕಾರ್ಖಾನೆಗೆ ಕಾನೂನು ಬಿಗಿಯಾದಷ್ಟೂ ಬೀಡಿ ಕಾರ್ಖಾನೆಯಿಂದ ಹೊರಬಿದ್ದು ಮನೆ ಸೇರಿತು ಎಂಬುದು ಈ ಉದ್ಯಮದ ಚರಿತ್ರೆಯುದ್ದಕ್ಕೂ ಕಾಣುವ ಸಂಗತಿ. ಇದಕ್ಕೆ ನೆರೆಯ ಕಣ್ಣೂರು ಒಳ್ಳೆಯ ನಿದರ್ಶನ. ಕೇರಳ ಸರ್ಕಾರ 1968ರಲ್ಲಿ, ಸಂಸತ್ತು 1966ರಲ್ಲಿ ಮಾಡಿದ್ದ ಬೀಡಿ ಕಾರ್ಮಿಕರ ಕಾಯ್ದೆಯನ್ನು ಜಾರಿಗೊಳಿಸಲು ಹೊರಟಾಗ ಮಂಗಳೂರು ಮೂಲದ ದೊಡ್ಡ ತಯಾರಕರು ಅಲ್ಲಿನ ಕಾರ್ಯಾಗಾರಗಳನ್ನು ಮುಚ್ಚಿದರು, ಸಾವಿರಾರು ಮಂದಿ ಕೆಲಸ ಕಳೆದುಕೊಂಡರು, ಮತ್ತು ಅವರಿಗಾಗಿ 1969ರಲ್ಲಿ ದಿನೇಶ್ ಬೀಡಿ ಎಂಬ ಕಾರ್ಮಿಕರ ಸಹಕಾರ ಸಂಘ ಹುಟ್ಟಿಕೊಂಡಿತು. ಒಂದು ಕಡೆ ಹಕ್ಕು ಹೆಚ್ಚಿದಾಗ ಕೆಲಸ ಅದಿಲ್ಲದ ಕಡೆಗೆ ಹರಿಯುತ್ತದೆ ಎಂಬ ಪಾಠ ಅಲ್ಲಿದೆ. ಆ ಹರಿವಿಗೆ ತುಳುನಾಡಿನ ಮನೆಗಳು ತೆರೆದೇ ಇದ್ದವು.

ಹಾಗಿದ್ದರೂ 1966ರಲ್ಲಿ ಸಂಸತ್ತು ಅಂಗೀಕರಿಸಿದ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಉದ್ಯೋಗ ಷರತ್ತುಗಳ ಕಾಯ್ದೆ ಭಾರತದ ಕಾರ್ಮಿಕ ಕಾನೂನಿನಲ್ಲಿ ಒಂದು ಅಪರೂಪದ ಬರವಣಿಗೆ. ಅದು ಮನೆಯಲ್ಲಿ ಕುಳಿತು ದುಡಿಯುವವಳನ್ನು ಉದ್ಯೋಗಿಯೆಂದೇ ಕರೆಯಿತು. ಮುಖ್ಯ ಉದ್ಯೋಗದಾತ ಯಾರೆಂಬುದನ್ನು ಹೇಳುವಾಗ, ಹಣ ಮುಂಗಡ ಕೊಡುವುದರಿಂದಲೋ ಸಾಮಗ್ರಿ ಒದಗಿಸುವುದರಿಂದಲೋ ಉದ್ಯಮದ ಮೇಲೆ ಅಂತಿಮ ಹಿಡಿತವಿರುವವನೇ ಹೊಣೆಗಾರನೆಂಬ ಅರ್ಥ ಬರುವಂತೆ ಬರೆದು, ನಡುವೆ ಎಷ್ಟು ಗುತ್ತಿಗೆದಾರರಿದ್ದರೂ ಹೊಣೆ ಮುದ್ರೆಯ ಒಡೆಯನಿಂದ ಜಾರಿಹೋಗದಂತೆ ನೋಡಿಕೊಂಡಿತು. ಇಪ್ಪತ್ತು ದಿನ ಕೆಲಸ ಮಾಡಿದವರಿಗೆ ಒಂದು ದಿನದ ವೇತನ ಸಹಿತ ರಜೆಯನ್ನು ಕೊಟ್ಟಿತು. ಎಲ್ಲಕ್ಕಿಂತ ಮುಖ್ಯವಾಗಿ, ತನ್ನ 37ನೆಯ ಸೆಕ್ಷನ್ನಿನಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಯನ್ನು ಮನೆಯಲ್ಲಿ ದುಡಿಯುವ ಬೀಡಿ ಕಾರ್ಮಿಕರಿಗೂ ವಿಸ್ತರಿಸಿತು. ತಯಾರಕರು ಸುಮ್ಮನಿರಲಿಲ್ಲ. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ವಿರುದ್ಧ ಭಾರತ ಒಕ್ಕೂಟ ಎಂಬ ಹೆಸರಿನಲ್ಲಿ ವರದಿಯಾಗಿರುವ ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1974ರ ಜನವರಿಯಲ್ಲಿ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿದು, ಈ ವಿಧಿಗಳು ವ್ಯಾಪಾರದ ಸ್ವಾತಂತ್ರ್ಯಕ್ಕೆ ಹಾಕಿದ ಅಸಮಂಜಸ ಕಟ್ಟುಪಾಡುಗಳೆಂಬ ವಾದವನ್ನು ತಳ್ಳಿಹಾಕಿತು. 1985ರಲ್ಲಿ ಪಿ.ಎಂ. ಪಟೇಲ್ ಅಂಡ್ ಸನ್ಸ್ ಪ್ರಕರಣದಲ್ಲಿ ಭವಿಷ್ಯನಿಧಿಯ ಪ್ರಶ್ನೆ ಬಂದಾಗ, ಕಟ್ಟಿ ತಂದ ಬೀಡಿಯನ್ನು ತಿರಸ್ಕರಿಸುವ ಅಧಿಕಾರವೇ ಕೆಲಸದ ಮೇಲಿನ ಹಿಡಿತಕ್ಕೆ ಸಾಕ್ಷಿಯೆಂದೂ ಆದ್ದರಿಂದ ಮನೆಯಲ್ಲಿ ಕಟ್ಟುವವರೂ ಉದ್ಯೋಗಿಗಳೇ ಎಂದೂ ಅದೇ ನ್ಯಾಯಾಲಯ ಹೇಳಿತು. ತಿರಸ್ಕಾರದಿಂದ ಕೂಲಿ ಕಳೆದುಕೊಂಡವರಿಗೆ ಅದೇ ತಿರಸ್ಕಾರ ಹಕ್ಕಿನ ಆಧಾರವಾದದ್ದು ಕಾನೂನು ಕೆಲವೊಮ್ಮೆ ತೋರುವ ಜಾಣತನ.

ಇಷ್ಟರಿಂದ ಜಗಲಿಯ ಹೆಣ್ಣು ಕಾರ್ಖಾನೆಯ ಹೆಣ್ಣಿಗೆ ಸಮಳಾದಳೆಂದು ತಿಳಿಯುವುದು ತಪ್ಪು. 37ನೆಯ ಸೆಕ್ಷನ್ ಹೆರಿಗೆ ಕಾಯ್ದೆಯನ್ನು ಆಕೆಗೆ ಕೊಟ್ಟ ಉಸಿರಿನಲ್ಲೇ ಅದರ 8 ಮತ್ತು 10ನೆಯ ಸೆಕ್ಷನ್ನುಗಳನ್ನು ಆಕೆಯ ಮಟ್ಟಿಗೆ ಕೈಬಿಟ್ಟಿತು. 8ನೆಯದು ವೈದ್ಯಕೀಯ ಬೋನಸ್, ಎಂದರೆ ಹೆರಿಗೆಗೆ ಮುಂಚಿನ ಹಾಗೂ ನಂತರದ ಆರೈಕೆಯನ್ನು ಉದ್ಯೋಗದಾತ ಉಚಿತವಾಗಿ ಒದಗಿಸದಿದ್ದರೆ ಕೊಡಬೇಕಾದ ಮೊತ್ತ; 10ನೆಯದು ಬಸಿರು, ಹೆರಿಗೆಗಳಿಂದ ಕಾಯಿಲೆ ಬಿದ್ದವಳಿಗೆ ಹೆಚ್ಚುವರಿಯಾಗಿ ಸಿಗುವ ಒಂದು ತಿಂಗಳ ವೇತನ ಸಹಿತ ರಜೆ. ಮನೆಯಲ್ಲೇ ಇರುವವಳಿಗೆ ಕಾಯಿಲೆ ಬಿದ್ದರೆ ರಜೆಯೇಕೆ ಎಂಬ ತರ್ಕ ಇದರ ಹಿಂದೆ ಇದ್ದಂತೆ ತೋರುತ್ತದೆ. ಆದರೆ ದಿನವಿಡೀ ಕಾಲು ಮಡಚಿ ಬಗ್ಗಿ ಕುಳಿತು, ಚರ್ಮದ ಮೂಲಕ ದೇಹ ಸೇರುವ ನಿಕೋಟಿನ್ ಇರುವ ಹೊಗೆಸೊಪ್ಪನ್ನು ಬರಿಗೈಯಲ್ಲಿ ಮುಟ್ಟುವವಳಿಗೇ ಆ ಎರಡು ಸೌಲಭ್ಯಗಳು ಹೆಚ್ಚು ಬೇಕಾಗಿದ್ದವು.

ಭತ್ಯೆಯ ಲೆಕ್ಕದಲ್ಲಿ ಇನ್ನೂ ಸೂಕ್ಷ್ಮವಾದ ಅಸಮಾನತೆ ಅಡಗಿದೆ. ಹೆರಿಗೆ ಭತ್ಯೆಯನ್ನು ಕಾನೂನು ಸರಾಸರಿ ದಿನಗೂಲಿಯ ಆಧಾರದ ಮೇಲೆ ಕಟ್ಟುತ್ತದೆ, ಮತ್ತು ಆ ಸರಾಸರಿಯನ್ನು ರಜೆ ಆರಂಭವಾಗುವುದಕ್ಕೆ ಮುಂಚಿನ ಮೂರು ತಿಂಗಳಲ್ಲಿ ಆಕೆ ಕೆಲಸ ಮಾಡಿದ ದಿನಗಳ ಕೂಲಿಯಿಂದ ತೆಗೆಯುತ್ತದೆ. ತಿಂಗಳ ಸಂಬಳ ಪಡೆಯುವವಳಿಗೆ ಯಾವ ಮೂರು ತಿಂಗಳಾದರೂ ಒಂದೇ. ಆದರೆ ತುಂಡುಗೂಲಿ ಪಡೆಯುವವಳಿಗೆ, ಎಂದರೆ ಮಾಡಿದ ಕೆಲಸದ ಎಣಿಕೆಯ ಮೇಲೆ ಕೂಲಿ ಪಡೆಯುವವಳಿಗೆ, ಆ ಮೂರು ತಿಂಗಳು ಬಸಿರು ಭಾರವಾಗಿ ಕೈ ನಿಧಾನವಾಗುವ ತಿಂಗಳುಗಳೇ ಆಗಿರುತ್ತವೆ. ಸಾವಿರ ಕಟ್ಟುತ್ತಿದ್ದವಳು ಆರುನೂರಕ್ಕೆ ಇಳಿದಾಗಿನ ಕೂಲಿಯೇ ಇಡೀ ಭತ್ಯೆಗೆ ಅಳತೆಗೋಲಾಗುತ್ತದೆ. ಬಸಿರಿಗಾಗಿ ಕೊಡುವ ಹಣವನ್ನು ಬಸಿರೇ ಕಡಿಮೆ ಮಾಡುತ್ತದೆ. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕೆಂಬ ಷರತ್ತೂ ಹಾಗೆಯೇ. ಬ್ರಾಂಚಿನಲ್ಲಿ ಎಲೆಯೋ ಹೊಗೆಸೊಪ್ಪೋ ಬಾರದೆ ಕೆಲಸ ನಿಂತ ದಿನಗಳು ಆಕೆಯ ತಪ್ಪಿನಿಂದಾದವಲ್ಲ, ಉದ್ಯೋಗದಾತನಿಂದ ಕೆಲಸ ಸಿಗದೆ ಉಳಿದ ದಿನಗಳನ್ನು ಕಾನೂನು ಲೆಕ್ಕಕ್ಕೆ ಸೇರಿಸುತ್ತದೆ ಕೂಡ. ಆದರೆ ಕಟ್ಟಿದ ಬೀಡಿಯನ್ನು ಮಾತ್ರ ಬರೆದುಕೊಳ್ಳುವ ಕಾರ್ಡಿನಲ್ಲಿ ಕಟ್ಟಲಾಗದ ದಿನಕ್ಕೆ ಸಾಲಿಲ್ಲ.

ಕುಟುಂಬದ ಹಕ್ಕುಗಳ ಪ್ರಶ್ನೆ ಇಲ್ಲಿ ಇನ್ನೊಂದು ರೀತಿಯಲ್ಲಿ ತೊಡಕಾಗುತ್ತದೆ. ಕಾರ್ಡಿನಲ್ಲಿರುವುದು ಒಂದೇ ಹೆಸರು, ತಡ್ಪೆಯ ಸುತ್ತ ಇರುವ ಕೈಗಳು ಹಲವು. ಅತ್ತೆಯ ಹೆಸರಿನ ಕಾರ್ಡಿಗೆ ಸೊಸೆ ಕಟ್ಟುತ್ತಾಳೆ, ಶಾಲೆಯಿಂದ ಬಂದ ಮಗಳು ಎಲೆ ಕತ್ತರಿಸುತ್ತಾಳೆ, ಕೆಲಸವಿಲ್ಲದ ದಿನ ಗಂಡನೂ ನೂಲು ಸುತ್ತುತ್ತಾನೆ. ಸೊಸೆ ಬಸುರಿಯಾದರೆ ಭತ್ಯೆ ಕೇಳುವ ಹೆಸರು ಆಕೆಯದಲ್ಲ. ಅತ್ತೆಗೆ ಹೆರಿಗೆಯ ವಯಸ್ಸು ಮೀರಿದೆ. ಕಾನೂನು ಹಕ್ಕನ್ನು ವ್ಯಕ್ತಿಗೆ ಕೊಡುತ್ತದೆ, ದುಡಿಮೆಯನ್ನು ಕೊಡುವುದು ಮನೆ. ಮನೆಯವರ ನೆರವಿನಿಂದ ಸ್ವಂತಕ್ಕೆ ಬೀಡಿ ಮಾಡುವವನಿಗೆ ತನ್ನ ವಿಧಿಗಳು ಅನ್ವಯಿಸವು ಎಂದು 1966ರ ಕಾಯ್ದೆಯ 43ನೆಯ ಸೆಕ್ಷನ್ ಹೇಳಿತ್ತು. ಆದರೆ ಆ ಮನೆಯವನು ಬೇರೊಬ್ಬ ಉದ್ಯೋಗದಾತನ ಉದ್ಯೋಗಿಯಾಗಿರಬಾರದು ಎಂಬ ಷರತ್ತನ್ನೂ ಸೇರಿಸಿತ್ತು. ಆ ಷರತ್ತಿನ ಆಶಯವನ್ನು ಮುಂದುವರಿಸಿ, ಒಂದು ಕಾರ್ಡಿನಡಿ ಕಟ್ಟುವ ವಯಸ್ಕರೆಲ್ಲರ ಹೆಸರನ್ನೂ ದಾಖಲಿಸುವ ವ್ಯವಸ್ಥೆ ಬರಬೇಕಿತ್ತು. ಬರಲಿಲ್ಲ. ಹೆಣ್ಣಿನ ಬಳಿಯಲ್ಲಿ ಆಸ್ತಿ ಇಳಿಯುವ ಅಳಿಯಸಂತಾನದ ಪದ್ಧತಿಯಿದ್ದ, ಬಂಟರು, ಬಿಲ್ಲವರು, ಮೂಡುಬಿದಿರೆಯ ಜೈನರು ತಲೆತಲಾಂತರದಿಂದ ಅದನ್ನು ಪಾಲಿಸಿದ ನಾಡಿನಲ್ಲಿ ಹೆಣ್ಣಿನ ದುಡಿಮೆಗೆ ಪ್ರತ್ಯೇಕ ಹೆಸರು ಸಿಗದಿರುವುದು ವಿಚಿತ್ರವೆನಿಸಬಹುದು. ಆದರೆ ಅಲ್ಲಿಯೂ ಆಸ್ತಿ ಹೆಣ್ಣಿನ ಮೂಲಕ ಇಳಿಯಿತೇ ಹೊರತು ಯಜಮಾನಿಕೆ ಹೆಚ್ಚಾಗಿ ಮಾವಂದಿರ ಕೈಯಲ್ಲೇ ಇತ್ತು. ಇನ್ನು ಬ್ಯಾರಿ ಮುಸ್ಲಿಂ ಮನೆಗಳಲ್ಲೂ ಬೀಡಿ ಕಟ್ಟುವ ಹೆಂಗಸರ ಸಂಖ್ಯೆ ಸಣ್ಣದಲ್ಲ. ಗಂಡಸರು ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ಮನೆಗಳಲ್ಲಿ ಹೊರಗಿನ ಹಣ ಬರುವವರೆಗೆ ಒಲೆ ಉರಿಸಿದ್ದು ವಾರಕ್ಕೊಮ್ಮೆ ಬ್ರಾಂಚಿನಲ್ಲಿ ಸಿಗುವ ಹಣವೇ.

ಸಮಾನತೆಯ ಕಾನೂನು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ವೇತನವಿದೆಯೇ ಎಂಬುದು. 1976ರ ಸಮಾನ ವೇತನ ಕಾಯ್ದೆಯೂ ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯೂ ಇದನ್ನೇ ಕೇಳುತ್ತವೆ. ಬೀಡಿಯಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ನಿರ್ದೋಷವಾಗಿದೆ: ಸಾವಿರಕ್ಕೆ ಇಷ್ಟು, ಯಾರು ಕಟ್ಟಿದರೂ ಅಷ್ಟೇ. ಹೆಂಗಸರೇ ತುಂಬಿರುವ ಕಸುಬಿನ ದರವೇ ಕೆಳಮಟ್ಟದಲ್ಲಿದ್ದರೆ ಒಳಗಿನ ಸಮಾನತೆಯಿಂದ ಏನೂ ಆಗುವುದಿಲ್ಲ ಎಂಬುದನ್ನು ಈ ಪ್ರಶ್ನೆ ಮುಟ್ಟುವುದಿಲ್ಲ. ಇದೇ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ಮರವೇರಿ ಗೊನೆ ಇಳಿಸುವ, ಬೋರ್ಡೋ ದ್ರಾವಣ ಸಿಂಪಡಿಸುವ ಗಂಡಸಿನ ಕೂಲಿಗೂ ಕೆಳಗೆ ಬಿದ್ದ ಅಡಿಕೆ ಹೆಕ್ಕುವ, ಹೊರುವ ಹೆಂಗಸಿನ ಕೂಲಿಗೂ ಇರುವ ಅಂತರ ಕೆಲಸಗಳು ಬೇರೆಬೇರೆ ಎಂಬ ನೆಪದಲ್ಲಿ ಪ್ರಶ್ನೆಗೆ ಸಿಗದೆ ಉಳಿಯುತ್ತದೆ. ಮೇಲ್ವರ್ಗದ ಉದ್ಯೋಗಗಳಲ್ಲಿ ಸಮಾನತೆಯ ಹೋರಾಟ ಬೇರೆ ದಾರಿ ಹಿಡಿಯಿತು. ಕೊಡಗಿನ ಸಿ.ಬಿ. ಮುತ್ತಮ್ಮ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಗೆ ಸರ್ಕಾರದ ಅನುಮತಿ ಪಡೆಯಬೇಕು, ಸಂಸಾರ ಕೆಲಸಕ್ಕೆ ಅಡ್ಡಿಯೆಂದು ಕಂಡರೆ ರಾಜೀನಾಮೆ ಕೊಡಬೇಕು ಎಂದು ಹೆಂಗಸರಿಗಷ್ಟೇ ವಿಧಿಸಿದ್ದ ನಿಯಮಗಳನ್ನು ಅವರು ಪ್ರಶ್ನಿಸಿದಾಗ 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವುಗಳ ತಾರತಮ್ಯವನ್ನು ಕಟುವಾಗಿ ಖಂಡಿಸಿದರು. ಸಂಸಾರ ಮತ್ತು ಸೇವೆ ಒಂದನ್ನೊಂದು ಹೊರದೂಡಬಾರದು ಎಂಬುದು ಅಲ್ಲಿನ ತತ್ತ್ವ. ಜಗಲಿಯಲ್ಲಿ ಅವೆರಡೂ ಒಂದರೊಳಗೊಂದು ಸೇರಿಕೊಂಡಿವೆ, ಸಂಕಟ ಹುಟ್ಟುವುದು ಅಲ್ಲಿಂದಲೇ.

2017ರಲ್ಲಿ ಹೆರಿಗೆ ಕಾಯ್ದೆಗೆ ತಿದ್ದುಪಡಿಯಾಗಿ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಇಬ್ಬರು ಮಕ್ಕಳು ಬದುಕಿದ್ದರೆ ಮಾತ್ರ ಮುಂದಿನ ಹೆರಿಗೆಗೆ ಹಳೆಯ 12 ವಾರಗಳೇ. ಐವತ್ತು ಅಥವಾ ಹೆಚ್ಚು ಮಂದಿ ಉದ್ಯೋಗಿಗಳಿರುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿ ಬರಬಹುದೆಂದಾಯಿತು. ಮೂಡುಬಿದಿರೆಯ ಆಸ್ಪತ್ರೆ, ಕಾಲೇಜುಗಳಲ್ಲಿ, ಉಜಿರೆಯ ವಿದ್ಯಾಸಂಸ್ಥೆಗಳಲ್ಲಿ, ಬಿ.ಸಿ. ರೋಡಿನ ಬ್ಯಾಂಕು ಕಚೇರಿಗಳಲ್ಲಿ ಕೆಲಸ ಮಾಡುವ ಹೆಂಗಸರಂಥವರನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ತಿದ್ದುಪಡಿ ಅದು. ಅದೇ ತಿದ್ದುಪಡಿ ಇನ್ನೊಂದು ಮಾತನ್ನೂ ಸೇರಿಸಿತು: ಕೆಲಸದ ಸ್ವರೂಪ ಒಪ್ಪುವಂತಿದ್ದರೆ ರಜೆ ಮುಗಿದ ಮೇಲೂ ತಾಯಿ ಪರಸ್ಪರ ಒಪ್ಪಿಗೆಯ ಮೇರೆಗೆ ಮನೆಯಿಂದಲೇ ಕೆಲಸ ಮಾಡಬಹುದು. ಕಚೇರಿಯ ತಾಯಿಗೆ ಕಾನೂನು ವಿಶೇಷ ಸೌಲಭ್ಯವೆಂದು ಕೊಟ್ಟ, ಮನೆಯಿಂದಲೇ ಮಾಡುವ ಈ ಕೆಲಸ ಬೀಡಿಯ ತಾಯಿಗೆ ಅರ್ಧ ಶತಮಾನದಿಂದಲೂ ಇತ್ತು; ಒಬ್ಬಳಿಗೆ ಅದು ಹಕ್ಕನ್ನು ಹಿಗ್ಗಿಸಿದರೆ ಇನ್ನೊಬ್ಬಳಿಗೆ ಹಕ್ಕನ್ನು ಕುಗ್ಗಿಸಿತು. ಬೀಡಿ ಕಾರ್ಖಾನೆಯಲ್ಲಿ ಬೆಳಿಗ್ಗೆ ಆರಕ್ಕೆ ಮುಂಚೆಯೂ ಸಂಜೆ ಏಳರ ನಂತರವೂ ಹೆಂಗಸರನ್ನು ದುಡಿಸಬಾರದೆಂದು 1966ರ ಕಾಯ್ದೆ ಹೇಳಿತ್ತು, ಆದರೆ ಅಡುಗೆ, ಪಾತ್ರೆ, ದನಕರುಗಳ ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ತಡ್ಪೆ ಹಿಡಿಯುವವಳ ಮನೆಗೆ ಆ ಗಡಿಯಾರ ಬರಲೇ ಇಲ್ಲ. ಶಿಶುಪಾಲನಾ ಕೇಂದ್ರದ ಮಾತಂತೂ ಬೇಡ: ತೊಟ್ಟಿಲು ಅಲ್ಲೇ ಪಕ್ಕದಲ್ಲಿರುತ್ತದೆ, ಹೊಗೆಸೊಪ್ಪಿನ ಧೂಳೂ ಅಲ್ಲೇ ಇರುತ್ತದೆ. ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ಕೂಸಿನ ಮನೆಗಳು ಉದ್ಯೋಗ ಖಾತ್ರಿಯ ಕೂಲಿಕಾರ್ತಿಯರ ಮಕ್ಕಳಿಗೆಂದು ರೂಪುಗೊಂಡವು. ಅವುಗಳ ಬಾಗಿಲು ಬೀಡಿ ಕಟ್ಟುವವಳ ಮಗುವಿಗೂ ತೆರೆಯಬೇಕೆಂಬುದು ಖರ್ಚಿಲ್ಲದ ಸುಧಾರಣೆ.

ಕುಟುಂಬದ ಹಕ್ಕೆಂದರೆ ಹೆರಿಗೆಯ ಹಕ್ಕಷ್ಟೇ ಅಲ್ಲ, ಆರೈಕೆಯ ಹಕ್ಕೂ ಹೌದು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆಯ ಸುತ್ತ ಗೇರು ತೋಟಗಳಿಗೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದ ಪರಿಣಾಮವನ್ನು ಉಣ್ಣುತ್ತಿರುವ ಮನೆಗಳಿವೆ. ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಆ ಕೀಟನಾಶಕವನ್ನು ತಡೆದರೂ ಹಾಸಿಗೆ ಬಿಟ್ಟೇಳದ ಮಕ್ಕಳು ಅಲ್ಲಿ ದೊಡ್ಡವರಾಗಿದ್ದಾರೆ, ನೋಡಿಕೊಳ್ಳುವ ತಾಯಂದಿರು ಮುದುಕಿಯರಾಗುತ್ತಿದ್ದಾರೆ. ಸರ್ಕಾರ ಮಾಸಾಶನ ಕೊಡುತ್ತದೆ, ಕೊಕ್ಕಡದಲ್ಲಿ ಹಗಲಿನ ಪಾಲನಾ ಕೇಂದ್ರವಿದೆ. ಆದರೆ ಉದ್ಯೋಗದ ಕಾನೂನಿನಲ್ಲಿ ಆ ತಾಯಿಗೆ ಯಾವ ಸ್ಥಾನವೂ ಇಲ್ಲ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ 730 ದಿನ, ಕರ್ನಾಟಕ ಸರ್ಕಾರದ ಮಹಿಳಾ ನೌಕರರಿಗೆ 180 ದಿನ ಶಿಶುಪಾಲನಾ ರಜೆಯುಂಟು. ಸರ್ಕಾರಿ ನೌಕರರಾದ ಗಂಡಸರಿಗೆ 15 ದಿನಗಳ ಪಿತೃತ್ವ ರಜೆಯುಂಟು. ಖಾಸಗಿ ಕ್ಷೇತ್ರದ ತಂದೆಗೆ ಒಂದು ದಿನದ ರಜೆಯನ್ನೂ ಯಾವ ಕಾಯ್ದೆಯೂ ಖಾತರಿಪಡಿಸಿಲ್ಲ, ಆರೈಕೆಗಾಗಿ ಕೆಲಸ ಬಿಟ್ಟವರಿಗಂತೂ ಏನೂ ಇಲ್ಲ. ಮನೆಯಿಂದ ಅಲುಗಾಡಲಾಗದ ಹೆಂಗಸಿಗೆ ಉಳಿಯುವ ಕೆಲಸಗಳಲ್ಲಿ ಬೀಡಿಯೇ ಮುಖ್ಯವಾದದ್ದು ಹೀಗೆ. ಅದನ್ನು ಆಯ್ಕೆಯೆನ್ನುವುದು ಕಷ್ಟ.

ಜಗಲಿಯನ್ನು ಕೆಲಸದ ಸ್ಥಳವೆಂದು ಕಾನೂನು ಒಪ್ಪಲಾರದು ಎಂಬ ವಾದವನ್ನು ಕಾನೂನೇ ಸುಳ್ಳುಮಾಡಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯಲು 2013ರಲ್ಲಿ ಬಂದ ಕಾಯ್ದೆ ಕೆಲಸದ ಸ್ಥಳವನ್ನು ವಿವರಿಸುವಾಗ ವಾಸದ ಮನೆಯನ್ನೂ ಸೇರಿಸಿತು. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆಯ ದೂರುಗಳಿಗಾಗಿ ಜಿಲ್ಲೆಗೊಂದು ಸ್ಥಳೀಯ ಸಮಿತಿಯನ್ನೂ ಪ್ರತಿ ತಾಲ್ಲೂಕಿನಲ್ಲಿ ದೂರು ಸ್ವೀಕರಿಸುವ ಒಬ್ಬ ನೋಡಲ್ ಅಧಿಕಾರಿಯನ್ನೂ ಅದು ವಿಧಿಸಿದೆ. ಬ್ರಾಂಚಿನ ಕೋಣೆಯಲ್ಲಿ ಎಲೆಯ ತೂಕಕ್ಕೂ ಬೀಡಿಯ ತಿರಸ್ಕಾರಕ್ಕೂ ಒಬ್ಬನ ಮರ್ಜಿ ಕಾಯಬೇಕಾದ ಹೆಂಗಸಿಗೆ ಇದರಿಂದ ಆಸರೆ ಸಿಗಬೇಕಿದ್ದರೆ ಆ ಅಧಿಕಾರಿಯ ಹೆಸರು ಬ್ರಾಂಚಿನ ಗೋಡೆಯ ಮೇಲೆ ಇರಬೇಕು. ಕಾನೂನಿನ ವ್ಯಾಖ್ಯಾನ ಅಷ್ಟು ವಿಶಾಲವಾಗಬಲ್ಲದಾದರೆ ಹೆರಿಗೆ, ಆರೈಕೆಗಳ ವಿಷಯದಲ್ಲಿ ಅದು ಏಕೆ ಮುದುರಿಕೊಳ್ಳಬೇಕು ಎಂಬುದಕ್ಕೆ ಒಪ್ಪುವಂಥ ಉತ್ತರವಿಲ್ಲ. 2025ರಲ್ಲಿ ಕರ್ನಾಟಕ ಸರ್ಕಾರ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನ ಸಹಿತ ಮುಟ್ಟಿನ ರಜೆಯ ನೀತಿಯನ್ನು ಒಪ್ಪಿದಾಗಲೂ ಇದೇ ತೊಡಕು ಎದುರಾಯಿತು: ಹಾಜರಿ ಪುಸ್ತಕವೇ ಇಲ್ಲದವಳಿಗೆ ಒಂದು ದಿನದ ರಜೆಯೆಂದರೆ ಎಷ್ಟು ಬೀಡಿಯ ಕೂಲಿ? ಅದನ್ನು ಕಳೆದ ಮೂರು ತಿಂಗಳ ಸರಾಸರಿಯಿಂದ ತೆಗೆಯಬಹುದು. ಲೆಕ್ಕ ಕಷ್ಟದ್ದಲ್ಲ, ಲೆಕ್ಕ ಹಾಕಬೇಕೆಂದು ಹೇಳುವ ನಿಯಮ ಬೇಕು.

ಈಗ ದೊಡ್ಡ ಬದಲಾವಣೆ ಬಂದಿರುವುದು ನಾಲ್ಕು ಕಾರ್ಮಿಕ ಸಂಹಿತೆಗಳಿಂದ. 2025ರ ನವೆಂಬರ್ 21ರಂದು ಇವು ಜಾರಿಗೆ ಬಂದವು. ಇವುಗಳಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಹೆರಿಗೆ ಕಾಯ್ದೆಯನ್ನೂ, ಔದ್ಯೋಗಿಕ ಸುರಕ್ಷತೆಯ ಸಂಹಿತೆ 1966ರ ಬೀಡಿ ಕಾಯ್ದೆಯನ್ನೂ ತಮ್ಮೊಳಗೆ ಎಳೆದುಕೊಂಡಿವೆ. ಮನೆಯಲ್ಲಿ ಉದ್ಯೋಗದಾತನಿಗಾಗಿ ಸಂಭಾವನೆ ಪಡೆದು ದುಡಿಯುವವರನ್ನು ಸಾಮಾಜಿಕ ಭದ್ರತಾ ಸಂಹಿತೆ ಗುರುತಿಸುತ್ತದೆ, ಆದರೆ ಗುರುತಿಸಿ ಅಸಂಘಟಿತ ಕಾರ್ಮಿಕರ ಸಾಲಿನಲ್ಲಿ ಕೂರಿಸುತ್ತದೆ. ಅಸಂಘಟಿತರಿಗೆ ಆರೋಗ್ಯ ಮತ್ತು ಹೆರಿಗೆಯ ಸೌಲಭ್ಯಗಳು ಸರ್ಕಾರ ರೂಪಿಸುವ ಯೋಜನೆಗಳ ಮೂಲಕ ಬರಬೇಕು. ಹಕ್ಕಿಗೂ ಯೋಜನೆಗೂ ಇರುವ ವ್ಯತ್ಯಾಸ ಇಲ್ಲಿ ನಿರ್ಣಾಯಕ. ಹಕ್ಕಿಗೆ ಹೊಣೆಗಾರನಿದ್ದಾನೆ, ಅವನ ಮೇಲೆ ದಾವೆ ಹೂಡಬಹುದು, ಮೊತ್ತ ಕೂಲಿಗೆ ತಕ್ಕಂತೆ ಏರುತ್ತದೆ. ಯೋಜನೆ ಬಜೆಟ್ಟಿಗೆ ಕಟ್ಟುಬಿದ್ದಿರುತ್ತದೆ. 2013ರ ಆಹಾರ ಭದ್ರತಾ ಕಾಯ್ದೆ ಬಸುರಿ, ಬಾಣಂತಿಯರಿಗೆ ಕನಿಷ್ಠ 6,000 ರೂಪಾಯಿ ಕೊಡಬೇಕೆಂದು ಹೇಳಿತ್ತು. 2017ರಲ್ಲಿ ಬಂದ ಮಾತೃ ವಂದನಾ ಯೋಜನೆ ಮೊದಲ ಮಗುವಿಗೆ 5,000 ರೂಪಾಯಿಗೆ ನಿಂತಿತು. 1966ರ ಕಾಯ್ದೆ ರದ್ದಾದಾಗ ಅದರ 37ನೆಯ ಸೆಕ್ಷನ್ನಿನ ನೇರವಾದ ಮಾತೂ ಹೋಯಿತು. ಇನ್ನು ಮುಂದೆ ಬೀಡಿ ಕಟ್ಟುವವಳು ತಾನು ಉದ್ಯೋಗಿಯೆಂಬುದನ್ನು ಸಂಹಿತೆಯ ಸಾಮಾನ್ಯ ವ್ಯಾಖ್ಯಾನಗಳ ಆಧಾರದಿಂದ ವಾದಿಸಬೇಕು, 1974 ಮತ್ತು 1985ರ ತೀರ್ಪುಗಳನ್ನು ಮತ್ತೆ ಕೈಗೆತ್ತಿಕೊಳ್ಳಬೇಕು. ಆ ತೀರ್ಪುಗಳ ತತ್ತ್ವ ಇನ್ನೂ ಗಟ್ಟಿಯಾಗಿದೆ, ಅದನ್ನು ನಿಯಮಗಳಲ್ಲಿ ಬರೆಯುವ ಕೆಲಸ ಸರ್ಕಾರಗಳದು.

ಇಷ್ಟಕ್ಕೂ ಬೀಡಿಯಂಥ ಹಾನಿಕರ ವಸ್ತುವಿನ ಉದ್ಯಮಕ್ಕಾಗಿ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂಬ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ತಂಬಾಕು ನಿಯಂತ್ರಣದ ಕಾನೂನು 2003ರಲ್ಲಿ ಬಂದ ಮೇಲೆ ಬೀಡಿ ಇಳಿಮುಖವಾಗಿದೆ, ಹೊಸ ತಲೆಮಾರಿನ ಹೆಣ್ಣುಮಕ್ಕಳು ಗೇರುಬೀಜದ ಕಾರ್ಖಾನೆಗೋ ಅಂಗಡಿಗೋ ಮಂಗಳೂರಿನ ಕಚೇರಿಗೋ ಹೋಗುತ್ತಿದ್ದಾರೆ, ಹೋಗುವುದೇ ಒಳ್ಳೆಯದು. ಆದರೆ ಹೊರಗೆ ಹೋಗಲಾಗದವರ ಮನೆಗಳಿಗೆ ಬೀಡಿಯ ಬದಲು ಬಟ್ಟೆ ಹೊಲಿಯುವ, ತಿಂಡಿ ಪ್ಯಾಕೆಟ್ ಕಟ್ಟುವ, ಫೋನಿನಲ್ಲಿ ಮಾಹಿತಿ ತುಂಬುವ ಕೆಲಸಗಳು ಬರುತ್ತಿವೆ, ಮತ್ತು ಅವುಗಳ ಏರ್ಪಾಟು ಬ್ರಾಂಚಿನ ಏರ್ಪಾಟಿನಂತೆಯೇ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಗೃಹ ದುಡಿಮೆಯ ಬಗ್ಗೆ 177ನೆಯ ಒಡಂಬಡಿಕೆಯನ್ನು ತಂದು, ಮನೆಯಲ್ಲಿ ದುಡಿಯುವವರಿಗೆ ಹೆರಿಗೆ ರಕ್ಷಣೆಯೂ ಸೇರಿದಂತೆ ಇತರ ಕೂಲಿಕಾರರಿಗೆ ಸಮನಾದ ನಡವಳಿಕೆ ಸಿಗಬೇಕೆಂದಿತು. ಭಾರತ ಅದನ್ನು ಸ್ಥಿರೀಕರಿಸಿಲ್ಲ, ಮೂವತ್ತು ವರ್ಷ ಮುಂಚೆಯೇ ಅಂಥ ಕಾನೂನನ್ನು ತನ್ನ ನೆಲದಲ್ಲಿ ಬರೆದ ದೇಶಕ್ಕೆ ಇದು ಶೋಭೆಯಲ್ಲ.

ಎರಡನೆಯ ಆಕ್ಷೇಪ ಖರ್ಚಿನದು. ವಿಮೆಯ ರಕ್ಷಣೆಯಿಲ್ಲದ ಕಡೆ ಹೆರಿಗೆ ಭತ್ಯೆಯ ಇಡೀ ಹೊರೆಯನ್ನು ಒಬ್ಬ ಉದ್ಯೋಗದಾತನ ತಲೆಗೆ ಕಟ್ಟಿದರೆ ಅವನು ಮದುವೆಯಾದ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಹಿಂಜರಿಯುತ್ತಾನೆ ಎಂಬುದು ಬಹಳ ಹಿಂದೆಯೇ ಜಗತ್ತಿಗೆ ತಿಳಿದಿದೆ. 1952ರ ಹೆರಿಗೆ ರಕ್ಷಣೆಯ ಒಡಂಬಡಿಕೆಯೇ ಉದ್ಯೋಗದಾತನನ್ನು ವೈಯಕ್ತಿಕವಾಗಿ ಹೊಣೆ ಮಾಡಬಾರದೆಂದು ಹೇಳಿತ್ತು. ಕಾರ್ಮಿಕರ ರಾಜ್ಯ ವಿಮೆ, ಎಂದರೆ ಊರವರ ಬಾಯಲ್ಲಿ ಇಎಸ್‌ಐ, ಇದಕ್ಕೆ ಕಂಡುಕೊಂಡ ಪರಿಹಾರ: 2019ರಿಂದ ಉದ್ಯೋಗದಾತ ವೇತನದ ಶೇಕಡಾ 3.25ರಷ್ಟನ್ನೂ ಕಾರ್ಮಿಕ ಶೇಕಡಾ 0.75ರಷ್ಟನ್ನೂ ತುಂಬುತ್ತಾರೆ, ಭತ್ಯೆ ನಿಧಿಯಿಂದ ಬರುತ್ತದೆ, ಬಸುರಿಯನ್ನು ಕೆಲಸದಿಂದ ತೆಗೆಯುವುದರಿಂದ ಯಾರಿಗೂ ಲಾಭವಿರುವುದಿಲ್ಲ. ಬೀಡಿಗೂ ಇಂಥದೊಂದು ನಿಧಿ ಇತ್ತು. 1976ರ ಕಾನೂನಿನಂತೆ ತಯಾರಾದ ಬೀಡಿಯ ಮೇಲೆ ಕರವನ್ನು ಎತ್ತಿ ಕಾರ್ಮಿಕರ ಕಲ್ಯಾಣ ನಿಧಿಗೆ ಹಾಕಲಾಗುತ್ತಿತ್ತು, ಚಿಕಿತ್ಸಾಲಯಗಳೂ ಮಕ್ಕಳ ವಿದ್ಯಾರ್ಥಿವೇತನವೂ ಅದರಿಂದ ನಡೆದವು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಆ ಕರವನ್ನು ಕೈಬಿಡಲಾಯಿತು. ಅದನ್ನು ಮರಳಿ ತಂದು, ಮುದ್ರೆಯ ಒಡೆಯನಿಂದ ಸಾವಿರ ಬೀಡಿಗೆ ಇಷ್ಟೆಂದು ಕೇಂದ್ರ ಸರ್ಕಾರವೇ ವಸೂಲು ಮಾಡಿ, ಹೆರಿಗೆಗೂ ಆರೈಕೆಗೂ ಮೀಸಲಿಟ್ಟರೆ ಬಂಟ್ವಾಳದ ಬ್ರಾಂಚಿನವನಿಗೆ ಯಾವ ಹೊರೆಯೂ ಇರುವುದಿಲ್ಲ. ಬೀಡಿಯನ್ನು ಬಂಟ್ವಾಳದಲ್ಲಿ ಕಟ್ಟಿಸಿದರೂ ಬಂಗಾಳದ ಮುರ್ಷಿದಾಬಾದಿನಲ್ಲಿ ಕಟ್ಟಿಸಿದರೂ ಕರ ಒಂದೇ ಆದ್ದರಿಂದ 1968ರಲ್ಲಿ ಕಣ್ಣೂರಿನಲ್ಲಿ ಆದಂತೆ ಕೆಲಸ ಗಡಿ ದಾಟಿ ಓಡಲು ಕಾರಣವೂ ಇರುವುದಿಲ್ಲ. ಭತ್ಯೆಯ ಸರಾಸರಿಯನ್ನು ಕೊನೆಯ ಮೂರು ತಿಂಗಳ ಬದಲು ಹಿಂದಿನ ವರ್ಷದ ಅತಿ ಹೆಚ್ಚು ಕೂಲಿ ಬಂದ ಮೂರು ತಿಂಗಳಿಂದ ತೆಗೆಯಬೇಕು, ಕಾರ್ಡಿನಲ್ಲಿ ಅತ್ತೆಯ ಜೊತೆ ಸೊಸೆಯ ಹೆಸರನ್ನೂ ಬರೆಯಬೇಕು. ಮೊದಲನೆಯದಕ್ಕೆ ಸಂಹಿತೆಗೆ ತಿದ್ದುಪಡಿ ಬೇಕಾಗುತ್ತದೆ, ಎರಡನೆಯದಕ್ಕೆ ರಾಜ್ಯದ ನಿಯಮವೊಂದರಲ್ಲಿ ಕೆಲವು ಸಾಲುಗಳು ಸಾಕು.